ಕ್ಷಯದ ನೆನಪು ಹೊತ್ತ ಕೋಶಗಳು

ಬೆಂಗಳೂರಿನ ಪೂರ್ವ ದಿಕ್ಕಿನ ಕಗ್ಗದಾಸಪುರ ಒಂದು ಕಾಲಕ್ಕೆ ಕೆರೆಯ ದಂಡೆಯ ಹಳ್ಳಿ. ನೆರೆಯಲ್ಲಿ ರಕ್ಷಣಾ ಇಲಾಖೆಯ ಪ್ರಯೋಗಾಲಯಗಳು ಬಂದವು, ಸಿ.ವಿ. ರಾಮನ್ ನಗರ ಬೆಳೆಯಿತು. ಆಮೇಲೆ ಸಾಫ್ಟ್‌ವೇರ್ ಕಂಪೆನಿಗಳ ಕಾಲದಲ್ಲಿ ಹೊಲಗದ್ದೆಗಳಿದ್ದ ಜಾಗದಲ್ಲಿ ಮೂರು ನಾಲ್ಕು ಮಹಡಿಯ ಬಾಡಿಗೆ ಮನೆಗಳು ಎದ್ದವು. ಈಗ ಇಲ್ಲಿ ಹಾಸನ, ರಾಯಚೂರಿನ ಕಡೆಯವರಿದ್ದಾರೆ. ತಮಿಳುನಾಡು, ಆಂಧ್ರ, ಕೇರಳ, ಬಿಹಾರ, ಒಡಿಶಾದಿಂದ ಬಂದವರೂ ಇದ್ದಾರೆ. ಇಂಥ ಬಡಾವಣೆಯ ನೂರು ಮಂದಿ ವಯಸ್ಕರನ್ನು ಒಂದೆಡೆ ಸೇರಿಸಿದರೆ, ಅವರಲ್ಲಿ ಎಷ್ಟು ಜನರ ಮೈಯೊಳಗೆ ಕ್ಷಯದ ಸೂಕ್ಷ್ಮಜೀವಿ ಒಮ್ಮೆಯಾದರೂ ಹೊಕ್ಕಿರಬಹುದು? 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯ ಪ್ರಕಾರ 15 ವರ್ಷ ಮೀರಿದವರಲ್ಲಿ ಈ ಪ್ರಮಾಣ ನೂರಕ್ಕೆ ಸುಮಾರು 31. ಇದು ಇಡೀ ದೇಶದ ಸರಾಸರಿ. ಕಗ್ಗದಾಸಪುರಕ್ಕೆಂದೇ ಮಾಡಿದ ಲೆಕ್ಕವಲ್ಲ. ಆದರೂ ದೇಶದ ಎಲ್ಲ ಕಡೆಯ ಜನ ಒಂದೇ ಬೀದಿಯಲ್ಲಿ ನೆಲೆಸಿರುವ ಊರಿಗೆ ದೇಶದ ಸರಾಸರಿಯನ್ನು ಹಿಡಿದು ನೋಡುವುದರಲ್ಲಿ ತಪ್ಪೇನಿಲ್ಲ.

ಈ 31 ಜನ ರೋಗಿಗಳಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇವರಲ್ಲಿ ಹೆಚ್ಚಿನವರಿಗೆ ಕೆಮ್ಮಿಲ್ಲ, ಜ್ವರವಿಲ್ಲ, ಕಫ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಬಹುತೇಕ ಮಂದಿ ತಮ್ಮೊಳಗೆ ಹೀಗೊಂದು ಸಂಗತಿ ನಡೆದಿದೆ ಎಂಬುದನ್ನೇ ಅರಿಯದೆ ತುಂಬು ಬಾಳು ಬಾಳುತ್ತಾರೆ. ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಮಾತ್ರ ಎಂದೋ ಒಂದು ದಿನ ರೋಗ ತಲೆಯೆತ್ತುತ್ತದೆ. ಹಾಗಿದ್ದರೆ ಸಮೀಕ್ಷೆಯವರಿಗೆ ಈ ಗುಟ್ಟು ತಿಳಿದದ್ದು ಹೇಗೆ? ಅವರು ಹುಡುಕಿದ್ದು ಸೂಕ್ಷ್ಮಜೀವಿಯನ್ನಲ್ಲ; ಅದನ್ನು ಒಮ್ಮೆ ಕಂಡಿದ್ದ ದೇಹದ ನೆನಪನ್ನು.

ಆ ನೆನಪನ್ನು ಹೊತ್ತು ತಿರುಗುವುದು ಟಿ ಕೋಶ ಎಂಬ ಬಿಳಿ ರಕ್ತಕಣ. ಎದೆಗೂಡಿನ ಮೇಲ್ಭಾಗದ ಥೈಮಸ್ ಗ್ರಂಥಿಯಲ್ಲಿ ಪಳಗಿ ಬರುವುದರಿಂದ ಅದಕ್ಕೆ ಆ ಹೆಸರು. ಪ್ರತಿಯೊಂದು ಟಿ ಕೋಶದ ಮೈಮೇಲೆ ಒಂದೇ ಬಗೆಯ ಹಿಡಿಕೆ ಇರುತ್ತದೆ. ಆ ಹಿಡಿಕೆಗೆ ಒಪ್ಪುವ ವಸ್ತುವನ್ನು ಮಾತ್ರ ಅದು ಗುರುತಿಸಬಲ್ಲದು. ಒಬ್ಬನ ಮೈಯಲ್ಲಿ ಕೋಟಿಗಟ್ಟಲೆ ಬಗೆಯ ಹಿಡಿಕೆಗಳಿರುವುದರಿಂದ ಕ್ಷಯದ ಸೂಕ್ಷ್ಮಜೀವಿಯ ಯಾವುದೋ ಒಂದು ತುಣುಕಿಗೆ ಒಪ್ಪುವ ಕೋಶಗಳೂ ಎಲ್ಲೋ ಕೆಲವು ಇದ್ದೇ ಇರುತ್ತವೆ. ಸೋಂಕು ತಗುಲಿದಾಗ ಅವು ಮರಿ ಹಾಕಿ ಸಾವಿರಾರಾಗುತ್ತವೆ. ಗದ್ದಲ ಮುಗಿದ ಮೇಲೆ ಹಲವು ಸತ್ತು, ಉಳಿದ ಕೆಲವು ವರ್ಷಗಟ್ಟಲೆ ಕಾವಲಿರುತ್ತವೆ. ಅಷ್ಟಾದರೂ ರಕ್ತದಲ್ಲಿ ಅವುಗಳ ಸಂಖ್ಯೆ ಅತ್ಯಲ್ಪ. ಒಂದು ಮೂಟೆ ರಾಗಿಯಲ್ಲಿ ಬಿದ್ದ ನಾಲ್ಕು ಸಾಸಿವೆ ಕಾಳನ್ನು ಆರಿಸಿ ತೆಗೆಯುವಷ್ಟೇ ಕಷ್ಟ ಅವುಗಳನ್ನು ಹುಡುಕುವುದು. ಈ ಸಾಸಿವೆಯೋ ನೋಟಕ್ಕೆ ರಾಗಿಯಂತೆಯೇ ಇದೆ. ಹಾಗೆ ಆರಿಸಲು ಬೇಕಾದ ಕಾರಕಗಳನ್ನು, ಅಂದರೆ ಪ್ರಯೋಗಾಲಯದವರು ರೀಏಜೆಂಟ್ ಎಂದು ಕರೆಯುವ ಸಾಮಗ್ರಿಯನ್ನು, ಮನುಷ್ಯ ಕಂಡುಕೊಂಡ ಕಥೆ ನೂರು ವರ್ಷಕ್ಕೂ ಹಿಂದಿನದು. ಅದರ ಒಂದು ದೊಡ್ಡ ಅಧ್ಯಾಯ ನಡೆದದ್ದು ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ.

ಮೊದಲ ಕಾರಕ ಹುಟ್ಟಿದ್ದು ಒಂದು ಸೋಲಿನಿಂದ. ಕ್ಷಯದ ಸೂಕ್ಷ್ಮಜೀವಿಯನ್ನು 1882ರಲ್ಲಿ ಗುರುತಿಸಿದ್ದ ರಾಬರ್ಟ್ ಕಾಖ್, 1890ರಲ್ಲಿ ಬರ್ಲಿನ್ನಿನ ವೈದ್ಯ ಸಮ್ಮೇಳನದಲ್ಲಿ ಅದಕ್ಕೆ ಮದ್ದು ಸಿಕ್ಕಿದೆಯೆಂದು ಸೂಚಿಸಿದ. ಸೂಕ್ಷ್ಮಜೀವಿಯನ್ನು ಬೆಳೆಸಿ, ಬೇಯಿಸಿ, ಸೋಸಿ ತೆಗೆದ ಸಾರ ಅದು. ಟ್ಯೂಬರ್ಕ್ಯುಲಿನ್ ಎಂದು ಹೆಸರಾಯಿತು. ರೋಗಿಗಳು ಬರ್ಲಿನ್ನಿಗೆ ಮುಗಿಬಿದ್ದರು. ಚುಚ್ಚಿಸಿಕೊಂಡವರಿಗೆ ವಿಪರೀತ ಜ್ವರ ಬಂತು, ಕೆಲವರು ಸತ್ತರು, ಗುಣವಾದವರು ಮಾತ್ರ ಕಾಣಲಿಲ್ಲ. ಮದ್ದಾಗಿ ಟ್ಯೂಬರ್ಕ್ಯುಲಿನ್ ಹೆಸರು ಕೆಡಿಸಿಕೊಂಡಿತು. ಆದರೆ ಸೋಂಕು ತಗುಲಿದವರ ಮೈ ಮಾತ್ರ ಹೀಗೆ ಕೆರಳುತ್ತದೆ, ತಗುಲದವರ ಮೈ ಸುಮ್ಮನಿರುತ್ತದೆ ಎಂಬ ವ್ಯತ್ಯಾಸವನ್ನು ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆ ಹಿಡಿದುಕೊಂಡ. ಅಲರ್ಜಿ ಎಂಬ ಮಾತನ್ನು ಲೋಕಕ್ಕೆ ಕೊಟ್ಟವನೂ ಅವನೇ. 1907ರಲ್ಲಿ ಅವನು ಚರ್ಮವನ್ನು ಗೀರಿ ಸಾರವನ್ನು ಸವರಿದ. ಮರುವರ್ಷ ಫ್ರಾನ್ಸಿನ ಮಾಂಟೂ ಅದನ್ನು ಸೂಜಿಯಿಂದ ಚರ್ಮದ ಪದರಿನೊಳಕ್ಕೆ ಸೇರಿಸಿದ. ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ಬರೆದುಕೊಡುವ ಮಾಂಟೂ ಪರೀಕ್ಷೆ ಇದೇ.

ಚುಚ್ಚಿದ ಕೂಡಲೇ ಏನೂ ಆಗುವುದಿಲ್ಲ. ಚರ್ಮದಲ್ಲಿರುವ ಕೆಲವು ಕೋಶಗಳು ಸಾರವನ್ನು ನುಂಗಿ, ತುಣುಕು ಮಾಡಿ, ತಮ್ಮ ಮೈಮೇಲೆ ಎತ್ತಿ ತೋರಿಸುತ್ತವೆ. ಹಾದುಹೋಗುವ ಟಿ ಕೋಶಗಳಲ್ಲಿ ಕ್ಷಯವನ್ನು ಬಲ್ಲದ್ದು ಯಾವುದಾದರೂ ಇದ್ದರೆ ಅದು ಅಲ್ಲಿಯೇ ನಿಂತು ಕೂಗು ಹಾಕುತ್ತದೆ. ಇನ್ನಷ್ಟು ಕಣಗಳು ಬಂದು ಸೇರುತ್ತವೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಮುಂಗೈ ಮೇಲೆ ಗಡುಸಾದ ಒಂದು ಉಬ್ಬು ಎದ್ದಿರುತ್ತದೆ. ಇದನ್ನು ಇಷ್ಟು ವಿವರವಾಗಿ ಈಗ ಹೇಳಬಹುದು. ಪಿರ್ಕೆಗೆ ಟಿ ಕೋಶದ ಸುಳಿವೂ ಇರಲಿಲ್ಲ. ಈ ಗುಣವನ್ನು ಒಂದು ಗಿನಿ ಇಲಿಯಿಂದ ಇನ್ನೊಂದಕ್ಕೆ ಸಾಗಿಸುವುದು ರಕ್ತದ ತಿಳಿಯಲ್ಲ, ಕೋಶಗಳು ಎಂದು ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ತೋರಿಸಿದ್ದು 1942ರಲ್ಲಿ. ಥೈಮಸ್ಸಿಗೆ ಒಂದು ಕೆಲಸವಿದೆ ಎಂದು ಜಾಕ್ ಮಿಲ್ಲರ್ ಹೇಳಿದ್ದು 1961ರಲ್ಲಿ. ಅಲ್ಲಿಯವರೆಗೂ ವೈದ್ಯರು ಹೆಸರಿಲ್ಲದ ಕೋಶವೊಂದನ್ನು ಅಳತೆಪಟ್ಟಿಯಿಂದ ಅಳೆಯುತ್ತಿದ್ದರು.

ಅದೇ ಹೊತ್ತಿಗೆ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತಲೆಯೆತ್ತಿತ್ತು. 1959ರಲ್ಲಿ ಶುರುವಾದ ಈ ಸಂಸ್ಥೆಯನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದವರು ಪ್ರಧಾನಿ ನೆಹರೂ, 1960ರ ಸೆಪ್ಟೆಂಬರಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವು ಇತ್ತು. ಸ್ಯಾನಟೋರಿಯಂ ಕಟ್ಟಿ ರೋಗಿಗಳನ್ನು ಮಲಗಿಸುವುದು ಅದರ ಉದ್ದೇಶವಾಗಿರಲಿಲ್ಲ. ಹಾಸಿಗೆಗಳಿಗಿಂತ ರೋಗಿಗಳೇ ಎಷ್ಟೋ ಪಾಲು ಹೆಚ್ಚಾಗಿದ್ದ ದೇಶದಲ್ಲಿ ಕ್ಷಯ ಎಲ್ಲಿದೆ, ಎಷ್ಟಿದೆ, ಹೇಗೆ ಹರಡುತ್ತದೆ ಎಂದು ಮೊದಲು ತಿಳಿಯಬೇಕಾಗಿತ್ತು. ತುಮಕೂರು ಜಿಲ್ಲೆಯಲ್ಲಿ 1960-61ರಲ್ಲಿ ಒಂದು ಸಮೀಕ್ಷೆ ನಡೆಯಿತು. ಅದರ ಬೆನ್ನಿಗೆ ಸಮಾಜಶಾಸ್ತ್ರದ ದೃಷ್ಟಿಯಿಂದ ಬ್ಯಾನರ್ಜಿ ಮತ್ತು ಆಂಡರ್ಸನ್ ನಡೆಸಿದ ವಿಚಾರಣೆ, ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರೆಂಬುದನ್ನು ಬಯಲಿಗೆ ತಂದಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ ಎಂಬ ಪಟ್ಟಣದ ನಂಬಿಕೆಗೆ ಇದು ಒಳ್ಳೆಯ ಪೆಟ್ಟು.

ಇನ್ನೂ ದೊಡ್ಡ ಕೆಲಸ ನಡೆದದ್ದು ಬೆಂಗಳೂರು ಜಿಲ್ಲೆಯ ಮೂರು ತಾಲೂಕುಗಳ 119 ಹಳ್ಳಿಗಳಲ್ಲಿ. 1961ರಿಂದ 1968ರ ನಡುವೆ ಸಂಸ್ಥೆಯ ತಂಡಗಳು ಅವೇ ಹಳ್ಳಿಗಳಿಗೆ ನಾಲ್ಕು ಸಲ ಹೋಗಿ ಬಂದವು. ಮನೆಮನೆಯ ಜನರ ಪಟ್ಟಿ, ಮುಂಗೈಗೆ ಟ್ಯೂಬರ್ಕ್ಯುಲಿನ್, ದೊಡ್ಡವರಿಗೆ ಎಕ್ಸ್‌ರೇ, ಅನುಮಾನವಿದ್ದವರ ಕಫ ಪರೀಕ್ಷೆ. ಬಳಸಿದ ಸಾರ ಡೆನ್ಮಾರ್ಕಿನ ಸೀರಂ ಸಂಸ್ಥೆ ತಯಾರಿಸಿದ ಆರ್‌ಟಿ 23 ಎಂಬ ಶುದ್ಧೀಕೃತ ಬಗೆ. ಗಾಜಿನ ಸೀಸೆಯ ಗೋಡೆಗೆ ಅಂಟಿಕೊಂಡು ಶಕ್ತಿ ಕಳೆದುಕೊಳ್ಳದಿರಲೆಂದು ಅದಕ್ಕೆ ಟ್ವೀನ್ ಎಂಬ ವಸ್ತುವನ್ನು ಬೆರೆಸುತ್ತಿದ್ದರು. ಸಂಗತಿ ಸಣ್ಣದೆನಿಸಬಹುದು. ಆದರೆ ಸೀಸೆಯಿಂದ ಸೀಸೆಗೆ ಶಕ್ತಿ ಬದಲಾದರೆ ಈ ಹಳ್ಳಿಯ ಅಳತೆಯನ್ನು ಆ ಹಳ್ಳಿಯದರೊಡನೆ ಹೋಲಿಸುವ ಹಾಗೇ ಇಲ್ಲ.

ಓದುವುದೂ ಒಂದು ವಿದ್ಯೆಯೇ. ಕೆಂಪಾದದ್ದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಬೆರಳಿಗೆ ಗಡುಸಾಗಿ ಸಿಗುವ ಉಬ್ಬನ್ನಷ್ಟೇ ಅಡ್ಡಕ್ಕೆ ಮಿಲಿಮೀಟರಿನಲ್ಲಿ ಅಳೆಯಬೇಕು. ಒಬ್ಬನ ಬೆರಳಿಗೆ 12 ಆದದ್ದು ಇನ್ನೊಬ್ಬನಿಗೆ 14 ಆಗುತ್ತದೆ. 5, 10, 15 ಎಂಬ ದುಂಡು ಅಂಕಿಗಳ ಕಡೆಗೆ ಮನಸ್ಸು ತಾನಾಗಿ ಜಾರುತ್ತದೆ. ಸಂತೆಯಲ್ಲಿ ತಕ್ಕಡಿ ಹಿಡಿದವರಿಗೆ ಈ ಆಸೆ ಪರಿಚಿತ. ಆದ್ದರಿಂದ ಓದುವವರನ್ನು ತಿಂಗಳುಗಟ್ಟಲೆ ಪಳಗಿಸಿ, ಒಬ್ಬರ ಓದನ್ನು ಇನ್ನೊಬ್ಬರದರೊಡನೆ ತಾಳೆ ನೋಡಬೇಕಾಗುತ್ತದೆ.

ಆ ಹಳ್ಳಿಗಳಿಂದ ಬಂದ ಫಲಿತಾಂಶಗಳನ್ನು 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆ ಪ್ರಕಟಿಸಿತು. ಕಫದಲ್ಲಿ ಸೂಕ್ಷ್ಮಜೀವಿ ಕಂಡ ರೋಗಿಗಳು ಐದು ವರ್ಷಗಳಲ್ಲಿ ಏನಾದರು ಎಂಬ ಲೆಕ್ಕವನ್ನು ಜಗತ್ತಿನ ಪಠ್ಯಗಳು ಈಗಲೂ ಎತ್ತಿಹೇಳುತ್ತವೆ. ನೂರರಲ್ಲಿ 49 ಮಂದಿ ತೀರಿಕೊಂಡಿದ್ದರು, ಸುಮಾರು 33 ಮಂದಿಯಲ್ಲಿ ರೋಗ ತಾನಾಗಿ ಅಡಗಿತ್ತು, 18 ಮಂದಿ ಇನ್ನೂ ಸೂಕ್ಷ್ಮಜೀವಿಯನ್ನು ಕೆಮ್ಮುತ್ತಿದ್ದರು. ಅಲ್ಲಿ ಸಂಘಟಿತವಾದ ಕ್ಷಯ ಚಿಕಿತ್ಸೆ ಇರಲಿಲ್ಲ. ಇಂದಿನ ಕಣ್ಣಿಗೆ ಈ ಅಂಕಿಗಳು ತಣ್ಣಗೆ ಓದಿ ಮುಗಿಸುವಂಥವಲ್ಲ; ಒಂದೊಂದು ಅಂಕಿಯ ಹಿಂದೆಯೂ ಒಂದು ಮನೆಯಿತ್ತು. ದಕ್ಷನ ಶಾಪಕ್ಕೆ ಗುರಿಯಾಗಿ ಚಂದ್ರನಿಗೆ ರಾಜಯಕ್ಷ್ಮ ಬಂತು, ಅವನು ಕ್ಷೀಣಿಸಿದರೂ ಮತ್ತೆ ತುಂಬಿಕೊಂಡ ಎಂಬ ಪುರಾಣ ಈ ಸೀಮೆಯ ಮುದುಕರಿಗೆ ಗೊತ್ತಿತ್ತು. ತುಂಬಿಕೊಂಡ ಆ ಮೂರನೆಯ ಒಂದು ಪಾಲಿನವರಲ್ಲಿ ಇದ್ದದ್ದೇನು, ಕ್ಷೀಣಿಸಿದವರಲ್ಲಿ ಇಲ್ಲದ್ದೇನು? ಮುಂಗೈಯ ಉಬ್ಬು ಅದನ್ನು ಹೇಳಲಿಲ್ಲ.

ಹೇಳದಿರಲು ಕಾರಣಗಳಿವೆ. ಟ್ಯೂಬರ್ಕ್ಯುಲಿನ್ ಒಂದು ವಸ್ತುವಲ್ಲ, ನೂರಾರು ಪ್ರೋಟೀನುಗಳ ಸಾರು. ಅವುಗಳಲ್ಲಿ ಹಲವು ಕ್ಷಯದ ಸೂಕ್ಷ್ಮಜೀವಿಯ ಬಂಧುಬಳಗದಲ್ಲೂ ಇವೆ. ಆ ಬಂಧುಗಳು ದಕ್ಷಿಣ ಭಾರತದ ಮಣ್ಣು ನೀರಿನಲ್ಲಿ ಧಾರಾಳವಾಗಿ, ಹೆಚ್ಚು ಹಾನಿ ಮಾಡದೆ ಬದುಕುತ್ತವೆ. ಕೆಸರಿನಲ್ಲಿ ಆಡಿದ ಮಗುವಿನ ಕೈಯೂ ಅಷ್ಟಿಷ್ಟು ಉಬ್ಬಬಹುದು. ಬಿಸಿಜಿ ಲಸಿಕೆ ಹಾಕಿಸಿಕೊಂಡವರ ಕೈ ಉಬ್ಬುವುದಂತೂ ಸರಿಯೇ. ಕೆ.ಆರ್. ಪುರ ದಾಟಿ ಕೋಲಾರದ ಕಡೆ ಹೋಗಿ ಗಡಿಯಾಚೆ ಸಿಗುವ ಮದನಪಲ್ಲೆಯಲ್ಲಿ 1948ರಲ್ಲಿ ಭಾರತದ ಬಿಸಿಜಿ ಕಾರ್ಯ ಆರಂಭವಾಯಿತು. ಆಮೇಲೆ ಕೋಟಿಗಟ್ಟಲೆ ಮಕ್ಕಳಿಗೆ ಅದನ್ನು ಹಾಕಿದರು. ಅವರ ಕೈಯ ಉಬ್ಬನ್ನು ರೋಗದ ಸೋಂಕಿಗೆ ಕಟ್ಟಬೇಕೋ ಲಸಿಕೆಗೆ ಕಟ್ಟಬೇಕೋ ತಿಳಿಯದಂತಾಯಿತು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. 1968ರಲ್ಲಿ ಮದರಾಸಿನ ಬಳಿಯ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಲಕ್ಷಗಟ್ಟಲೆ ಜನರ ಮೇಲೆ ಬಿಸಿಜಿಯ ಬಹುದೊಡ್ಡ ಪರೀಕ್ಷೆ ಆರಂಭವಾಯಿತು. ಲಸಿಕೆ ಪಡೆದವರ ಕೈಗಳು ಉಬ್ಬಿದವು, ಅಂದರೆ ಟಿ ಕೋಶಗಳು ಪಾಠ ಕಲಿತಿದ್ದವು. ಹದಿನೈದು ವರ್ಷ ಕಾದು ನೋಡಿದರೂ ವಯಸ್ಕರ ಶ್ವಾಸಕೋಶದ ಕ್ಷಯ ತಪ್ಪಲಿಲ್ಲ. (ಎಳೆಯ ಮಕ್ಕಳ ಮಿದುಳು ಪೊರೆಯ ಕ್ಷಯದಂಥ ಭೀಕರ ರೂಪಗಳನ್ನು ಬಿಸಿಜಿ ತಡೆಯುತ್ತದೆಂಬುದು ಬೇರೆ ಅಧ್ಯಯನಗಳಿಂದ ಗೊತ್ತಿದೆ, ಹುಟ್ಟಿದ ಕೂಸಿಗೆ ಅದನ್ನು ಈಗಲೂ ಹಾಕುವುದು ಅದಕ್ಕೇ.) ನೆನಪಿರುವುದು ಬೇರೆ, ರಕ್ಷಣೆಯಿರುವುದು ಬೇರೆ ಎಂದಾಯಿತು. ಉಬ್ಬಿನ ಅಗಲ ಟಿ ಕೋಶಗಳು ಇವೆಯೆಂದಷ್ಟೇ ಹೇಳುತ್ತದೆ. ಅವು ಯಾವ ತುಣುಕನ್ನು ಗುರುತಿಸುತ್ತವೆ, ಎಷ್ಟಿವೆ, ಅವುಗಳ ಸ್ವಭಾವವೇನು ಎಂದು ತಿಳಿಯಬೇಕಾದರೆ ಅವುಗಳನ್ನೇ ಒಂದೊಂದಾಗಿ ಹಿಡಿಯಬೇಕು.

ಹಿಡಿಯಲು ಒಂದು ತೊಡಕಿತ್ತು. ಟಿ ಕೋಶ ಸೂಕ್ಷ್ಮಜೀವಿಯ ತುಣುಕನ್ನು ಬರಿದಾಗಿ ಕಂಡರೆ ಗುರುತಿಸುವುದಿಲ್ಲ. ನಮ್ಮದೇ ಕೋಶ ಅದನ್ನು ಒಂದು ತಟ್ಟೆಯಲ್ಲಿಟ್ಟು ನೀಡಬೇಕು. ಆ ತಟ್ಟೆಗೆ ಎಚ್‌ಎಲ್‌ಎ ಎಂದು ಹೆಸರು. ಮೂತ್ರಪಿಂಡ ಕಸಿಗೆ ಮುನ್ನ ದಾನಿಗೂ ರೋಗಿಗೂ ಹೊಂದಿಸಿ ನೋಡುವುದು ಇದನ್ನೇ. ತಟ್ಟೆ, ತುಣುಕು ಎರಡೂ ಒಪ್ಪಿದರೆ ಮಾತ್ರ ಟಿ ಕೋಶ ಒಪ್ಪುತ್ತದೆಂದು ಝಿಂಕರ್ನಾಗೆಲ್ ಮತ್ತು ಡೊಹರ್ಟಿ 1974ರಲ್ಲಿ ತೋರಿಸಿದರು. 1996ರಲ್ಲಿ ಅವರಿಗೆ ನೊಬೆಲ್ ಬಂತು. ತಟ್ಟೆಯನ್ನೂ ತುಣುಕನ್ನೂ ಪ್ರಯೋಗಾಲಯದಲ್ಲೇ ಜೋಡಿಸಿ, ಬಣ್ಣ ಹಚ್ಚಿ, ರಕ್ತಕ್ಕೆ ಹಾಕಿದರೆ ಸರಿಯಾದ ಟಿ ಕೋಶಕ್ಕೆ ಅಂಟೀತಲ್ಲವೇ? ಅಂಟುತ್ತದೆ, ಆದರೆ ಕೆಲವೇ ಸೆಕೆಂಡು. ಆಮೇಲೆ ಕಳಚಿ ಬೀಳುತ್ತದೆ.

ನೊಬೆಲ್ ಘೋಷಣೆಯಾದ ವರ್ಷವೇ ಇದಕ್ಕೆ ಉಪಾಯ ಸಿಕ್ಕಿತು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಜಾನ್ ಆಲ್ಟ್‌ಮನ್, ಮಾರ್ಕ್ ಡೇವಿಸ್ ಮತ್ತು ಸಂಗಡಿಗರು ನಾಲ್ಕು ತಟ್ಟೆಗಳನ್ನು ಒಂದೇ ಕಡೆ ಕಟ್ಟಿದರು. ಹೊಲದ ಬದುವಿನಲ್ಲಿ ನಡೆದುಬಂದವರ ಪಂಚೆಗೆ ಉತ್ತರಾಣಿಯ ಕಾಯಿ ಹತ್ತಿಕೊಳ್ಳುವುದನ್ನು ನೋಡಿದವರಿಗೆ ಈ ಉಪಾಯ ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಮುಳ್ಳಾದರೆ ಕೊಡವಿದೊಡನೆ ಬೀಳುತ್ತದೆ. ಹಲವು ಮುಳ್ಳು ಒಟ್ಟಿಗೆ ಕಚ್ಚಿದರೆ ಕಿತ್ತರೂ ಬಾರದು. ಒಂದು ಕೊಂಡಿ ಸಡಿಲವಾಗುವಷ್ಟರಲ್ಲಿ ಉಳಿದವು ಹಿಡಿದಿರುತ್ತವೆ. ಈ ನಾಲ್ಮಡಿ ಕೂಟಕ್ಕೆ ಟೆಟ್ರಮರ್ ಎಂದು ಹೆಸರು.

ನಾಲ್ಕನ್ನು ಕಟ್ಟುವ ಗಂಟು ಪ್ರಕೃತಿಯಲ್ಲೇ ಇದ್ದದ್ದು. ಹಸಿ ಮೊಟ್ಟೆಯ ಬಿಳಿಯಲ್ಲಿ ಅವಿಡಿನ್ ಎಂಬ ಪ್ರೋಟೀನ್ ಇದೆ. ಬಯೋಟಿನ್ ಎಂಬ ಜೀವಸತ್ವವನ್ನು ಅದು ಬಿಡಿಸಲಾಗದಷ್ಟು ಬಿಗಿಯಾಗಿ ಹಿಡಿಯುತ್ತದೆ. ಮಣ್ಣಿನ ಒಂದು ಸೂಕ್ಷ್ಮಜೀವಿಯಲ್ಲಿ ಅದರ ತದ್ರೂಪಿ ಸ್ಟ್ರೆಪ್ಟವಿಡಿನ್ ಸಿಗುತ್ತದೆ. ಅದಕ್ಕೆ ಸರಿಯಾಗಿ ನಾಲ್ಕು ಹಿಡಿಗಳು. ಪ್ರತಿ ಎಚ್‌ಎಲ್‌ಎ ತಟ್ಟೆಯ ಬಾಲಕ್ಕೆ ಒಂದು ಬಯೋಟಿನ್ ಅಂಟಿಸಿ, ಸ್ಟ್ರೆಪ್ಟವಿಡಿನ್ನಿಗೆ ಹೊಳೆಯುವ ಬಣ್ಣ ಕಟ್ಟಿ ಬೆರೆಸಿದರೆ ಕೂಟ ಸಿದ್ಧ. ಹೆಚ್ಚಾಗಿ ಬಳಸುವ ಬಣ್ಣ ಕೆಂಪು ಪಾಚಿಯಿಂದ ಬಂದದ್ದು. ಬೆಳಕಿಗೆ ಮಾಸುತ್ತದೆ, ಮಂಜುಗಟ್ಟಿಸಿದರೆ ಕೆಡುತ್ತದೆ, ಆದ್ದರಿಂದ ಕತ್ತಲಲ್ಲಿ ತಣ್ಣಗಿಡಬೇಕು. ಇದನ್ನು ರಕ್ತದ ಕೋಶಗಳಿಗೆ ಬೆರೆಸಿ ಫ್ಲೋ ಸೈಟೋಮೀಟರ್ ಎಂಬ ಯಂತ್ರದೊಳಕ್ಕೆ ಹರಿಸುತ್ತಾರೆ. ಕೋಶಗಳು ಒಂದರ ಹಿಂದೊಂದು ಸಾಲಾಗಿ ಲೇಸರ್ ಕಿರಣವನ್ನು ದಾಟುತ್ತವೆ, ಸೆಕೆಂಡಿಗೆ ಸಾವಿರಾರು. ಹೊಳೆದದ್ದು ಸಾಸಿವೆ, ಹೊಳೆಯದ್ದು ರಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆಗಳಲ್ಲಿ ಈ ಯಂತ್ರ ಈಗ ಹೊಸತಲ್ಲ. ಟೆಟ್ರಮರ್ ಮಾತ್ರ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸರಕಲ್ಲ; ಅಮೆರಿಕದ ಅಟ್ಲಾಂಟಾ ನಗರದ ಎಮೊರಿ ವಿಶ್ವವಿದ್ಯಾಲಯದಲ್ಲಿ ಅದನ್ನು ತಯಾರಿಸಿ ಸಂಶೋಧಕರಿಗೆ ಒದಗಿಸಲೆಂದೇ ಸರಕಾರಿ ನೆರವಿನ ಒಂದು ಕೇಂದ್ರವಿದೆ.

ಕಗ್ಗದಾಸಪುರದ ಆ ನೂರು ಜನ ನೆನಪಾಗಬೇಕಾದದ್ದು ಇಲ್ಲಿ. ಎಚ್‌ಎಲ್‌ಎ ತಟ್ಟೆ ಎಲ್ಲರಲ್ಲೂ ಒಂದೇ ಆಕಾರದ್ದಲ್ಲ. ಅದರ ಹತ್ತಾರು ಸಾವಿರ ರೂಪಗಳಿಗೆ ಇದುವರೆಗೆ ಹೆಸರಿಟ್ಟಿದ್ದಾರೆ. ತಂದೆಯಿಂದ ಒಂದು ಜೊತೆ, ತಾಯಿಯಿಂದ ಒಂದು ಜೊತೆ ಬರುವುದರಿಂದ ಅಣ್ಣತಮ್ಮಂದಿರಲ್ಲೇ ಬೇರೆಯಾಗುತ್ತದೆ. ಟೆಟ್ರಮರಿನ ತಟ್ಟೆ ಮತ್ತು ರಕ್ತ ಕೊಟ್ಟವರ ತಟ್ಟೆ ಒಂದೇ ಆಗಿದ್ದರೆ ಮಾತ್ರ ಲೆಕ್ಕ ಸರಿಬರುತ್ತದೆ. ಆಲ್ಟ್‌ಮನ್ ಮೊದಲು ಬಳಸಿದ್ದು ಎ2 ಎಂಬ ಬಗೆಯನ್ನು. ಯುರೋಪು ಮೂಲದವರಲ್ಲಿ ಅದರ 0201 ಎಂಬ ಉಪಬಗೆ ಬಹಳ ಸಾಮಾನ್ಯ. ಮುಂದೆ ಸಂಶೋಧನೆಯ ದೊಡ್ಡ ಪಾಲು ಅದರ ಸುತ್ತಲೇ ಬೆಳೆಯಿತು. ಭಾರತೀಯರಲ್ಲಿ ಎ2 ಇಲ್ಲದಿಲ್ಲ. ಆದರೆ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ಬಿಡಿಸಿ ನೋಡಿದಾಗ ಇಲ್ಲಿ 0201 ಕಡಿಮೆ, 0211ರಂಥ ಉಪಬಗೆಗಳೇ ಹೆಚ್ಚೆಂದು ಕಂಡುಬಂತು. ತಟ್ಟೆಯ ಅಂಚಿನಲ್ಲಿ ಒಂದೆರಡು ಅಣು ಬದಲಾದರೂ ಅದರಲ್ಲಿ ಕೂರುವ ತುಣುಕು ಬದಲಾಗಬಹುದು. ಬೇರೆಯವರ ಅಳತೆಗೆ ಹೊಲಿದ ಅಂಗಿ ಇದು. ಕ್ಷಯದ ವಿಷಯದಲ್ಲಿ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು. ಇಲ್ಲಿ ಮುಖ್ಯವಾದವು ಸಿಡಿ4 ಎಂಬ ಗುಂಪಿನ ಟಿ ಕೋಶಗಳು. ಅವುಗಳಿಗೆ ಬೇಕಾದ ಎರಡನೆಯ ವರ್ಗದ ತಟ್ಟೆಗಳನ್ನು ಪ್ರಯೋಗಾಲಯದಲ್ಲಿ ಕಟ್ಟುವುದು ಕಷ್ಟ, ಕಟ್ಟಿದರೂ ಹಿಡಿತ ಸಡಿಲ.

ಹಳೆಯ ಟ್ಯೂಬರ್ಕ್ಯುಲಿನ್ನಿಗೆ ಈ ಬಾಧೆಯೇ ಇರಲಿಲ್ಲ. ಸಾರವನ್ನು ಚುಚ್ಚುವುದಷ್ಟೇ ಹೊರಗಿನವರ ಕೆಲಸ. ಅದನ್ನು ತುಂಡರಿಸಿ ತಟ್ಟೆಗೆ ಹಾಕುವುದು ಚುಚ್ಚಿಸಿಕೊಂಡವರ ಕೋಶಗಳೇ, ತಟ್ಟೆಯೂ ಅವರದೇ. ತುಮಕೂರಿನವರಿಗಾಗಲಿ ಕೋಪನ್‌ಹೇಗನ್ನಿನವರಿಗಾಗಲಿ ಒಂದೇ ಸೀಸೆ ಸಾಕಿತ್ತು.

ಆದ್ದರಿಂದ ಜನರ ಮೇಲಿನ ಪರೀಕ್ಷೆಗಳು ಟೆಟ್ರಮರಿನ ದಾರಿ ಹಿಡಿಯದೆ ಟ್ಯೂಬರ್ಕ್ಯುಲಿನ್ನಿನ ದಾರಿಯನ್ನೇ ಶುದ್ಧಗೊಳಿಸಿಕೊಂಡವು. ಕ್ಯಾಲ್ಮೆಟ್ ಮತ್ತು ಗೆರಾಂ 1908ರಿಂದ 1921ರವರೆಗೆ ಹಸುವಿನ ಕ್ಷಯದ ಸೂಕ್ಷ್ಮಜೀವಿಯನ್ನು 230 ಸಲ ಮರುಬೆಳೆಸಿ ಬಿಸಿಜಿ ಮಾಡಿದಾಗ ಅದರ ಆನುವಂಶಿಕ ಸುರುಳಿಯ ಒಂದು ತುಂಡು ಕಳೆದುಹೋಗಿತ್ತು. ಇಎಸ್‌ಎಟಿ 6, ಸಿಎಫ್‌ಪಿ 10 ಎಂಬ ಎರಡು ಪ್ರೋಟೀನುಗಳ ಸೂತ್ರ ಇದ್ದದ್ದು ಅದೇ ತುಂಡಿನಲ್ಲಿ. ಕ್ಷಯದ ಸೂಕ್ಷ್ಮಜೀವಿಯಲ್ಲಿ ಅವು ಇವೆ, ಬಿಸಿಜಿಯಲ್ಲಿ ಇಲ್ಲ, ಮಣ್ಣಿನ ಬಂಧುಗಳಲ್ಲಿ ಬಹುಮಟ್ಟಿಗೆ ಇಲ್ಲ. ಹಾಗಾಗಿ ಈ ಎರಡಕ್ಕೆ ಎಚ್ಚರಗೊಳ್ಳುವ ಟಿ ಕೋಶ ಲಸಿಕೆಯದಲ್ಲ, ಸೋಂಕಿನದೇ. ರಾಷ್ಟ್ರೀಯ ಸಮೀಕ್ಷೆಯವರು ಮಾಡಿದ್ದು ಇದನ್ನೇ. ಆ ಪ್ರೋಟೀನುಗಳ ತುಣುಕುಗಳನ್ನು ಲೇಪಿಸಿದ ಕೊಳವೆಗೆ ರಕ್ತ ತುಂಬಿ, ಮೈಯ ಬಿಸಿಯಲ್ಲಿ ಒಂದು ರಾತ್ರಿ ಇಟ್ಟು, ಕೋಶಗಳು ಹೊರಸೂಸಿದ ಇಂಟರ್‌ಫೆರಾನ್ ಎಂಬ ವಸ್ತುವನ್ನು ಅಳೆದರು. ಈ ವಿಧಾನ ಮೊದಲು ಮನುಷ್ಯರಿಗಲ್ಲ, ಆಸ್ಟ್ರೇಲಿಯದಲ್ಲಿ ದನಗಳ ಕ್ಷಯ ಪತ್ತೆಗೆಂದು ಹುಟ್ಟಿದ್ದು. ದನಕ್ಕಾದದ್ದು ಜನಕ್ಕೂ ಆಯಿತು.

ಟೆಟ್ರಮರಿನವರೂ ಕೈಕಟ್ಟಿ ಕುಳಿತಿಲ್ಲ. ಕ್ಷಯದ ಸೂಕ್ಷ್ಮಜೀವಿಯ ಹೊದಿಕೆ ಮೇಣದಂಥ ಕೊಬ್ಬಿನದು. ಆ ಕೊಬ್ಬನ್ನು ಟಿ ಕೋಶಗಳಿಗೆ ಎತ್ತಿ ತೋರಿಸಲು ಸಿಡಿ1 ಎಂಬ ಬೇರೊಂದು ತಟ್ಟೆಯಿದೆ. ಅದು ಮನುಷ್ಯರಿಂದ ಮನುಷ್ಯರಿಗೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. 2011ರಲ್ಲಿ ಸಿಡಿ1ಬಿ ತಟ್ಟೆಗೆ ಸೂಕ್ಷ್ಮಜೀವಿಯ ಕೊಬ್ಬನ್ನು ಕೂರಿಸಿ ಟೆಟ್ರಮರ್ ಮಾಡಿ, ಸೋಂಕಿತರ ರಕ್ತದಿಂದ ಅದನ್ನು ಬಲ್ಲ ಕೋಶಗಳನ್ನು ಎತ್ತಿ ತೋರಿಸಿದರು. ಬಿಹಾರದವನಿಗೂ ಕೇರಳದವಳಿಗೂ ಒಂದೇ ಸೀಸೆ ಹೊಂದುವ ಕಾಲ ಈ ದಾರಿಯಿಂದ ಬಂದೀತು. ಆದರೆ ಆ ಕೋಶಗಳು ಕಾಪಾಡುತ್ತವೆಯೋ ಸುಮ್ಮನೆ ಸಾಕ್ಷಿಗಿವೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. 31 ಜನರಲ್ಲಿ ರೋಗ ಎದ್ದೇಳುವ ಎರಡು ಮೂರು ಮಂದಿ ಯಾರು ಎಂದು ಖಚಿತವಾಗಿ ಬೆರಳು ಮಾಡಿ ತೋರಿಸುವ ಕಾರಕ ಇಂದಿಗೂ ಇಲ್ಲ. ಅದು ಸಿಕ್ಕರೆ ಉಳಿದವರು ತಿಂಗಳುಗಟ್ಟಲೆ ಮಾತ್ರೆ ನುಂಗುವುದು ತಪ್ಪುತ್ತದೆ.

ಈ ನಡುವೆ ಮುಂಗೈಯೇ ಮತ್ತೆ ಬಳಕೆಗೆ ಬಂದಿದೆ. ಪುಣೆಯ ಸೀರಂ ಸಂಸ್ಥೆ ತಯಾರಿಸುವ ಸೈ-ಟಿಬಿ ಎಂಬ ಚುಚ್ಚುಮದ್ದಿಗೆ 2022ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿತು. ಸೂಜಿ ಮಾಂಟೂನದೇ, ಒಳಗಿರುವುದು ಮಾತ್ರ ಸಾರಲ್ಲ, ಆ ಎರಡೇ ಪ್ರೋಟೀನು. ಉಬ್ಬು 5 ಮಿಲಿಮೀಟರ್ ಮುಟ್ಟಿದರೆ ಸೋಂಕು ಇದೆ ಎಂದರ್ಥ. ಓದುವುದಕ್ಕೆ ಎರಡು ಮೂರು ದಿನ ಬಿಟ್ಟು ಅದೇ ಕೈ ಮತ್ತೆ ಎದುರಿಗೆ ಬರಬೇಕು. ಅರವತ್ತರ ದಶಕದ ಹಳ್ಳಿಗಳಲ್ಲಿ ತಂಡವೇ ಮನೆ ಬಾಗಿಲಿಗೆ ಮರಳಿ ಹೋಗುತ್ತಿತ್ತು. ವಾರಕ್ಕೊಂದು ಪಾಳಿಯಲ್ಲಿ ದುಡಿದು, ವರ್ಷಕ್ಕೊಂದು ಬಾಡಿಗೆ ಮನೆ ಬದಲಿಸುವ ಜನರ ಬಡಾವಣೆಯಲ್ಲಿ ಮೂರನೆಯ ದಿನ ಅರ್ಧ ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಬರಬೇಕಾದವರು ಚುಚ್ಚಿಸಿಕೊಂಡವರೇ.